ಹಳೆಯ ಕಂಪ್ಯೂಟರಿನ ಅಂಚೆಪೆಟ್ಟಿಗೆ

ಆಗಸ್ಟ್ ಹನ್ನೊಂದರ ಬೆಳಿಗ್ಗೆ ಈಜಿಪ್ಟಿನ ಪೋರ್ಟ್ ಸೈದ್ ಬಂದರು ಠಾಣೆಗೆ ಇನ್ಶಿರಾಹ್ ಎಂಬ ಹೆಂಗಸು ಬಂದಳು. ಇನ್ಸ್‌ಪೆಕ್ಟರ್ ವಜ್ದಿ ಕೂರಿ ಎಂದರೂ ಕೂರಲಿಲ್ಲ.

"ನನ್ನ ಗಂಡ ಬಾಯಾರಿ ಸತ್ತ, ಸಾಹೇಬ್ರೇ. ಹಡಗಿಂದ ಊರು ಕಣ್ಣಿಗೆ ಕಾಣ್ತಿತ್ತಂತೆ. ಅದನ್ನೂ ಬರ್ಕೊಳ್ಳಿ."

ಗಂಡ ಶಹ್ಹಾತ ಸರಕು ಹಡಗೊಂದರ ಅಡುಗೆಯವನು. ಮಾಲೀಕ ಕೈಬಿಟ್ಟ ಹಡಗು ಬಂದರಿನ ಹೊರಗೆ ಲಂಗರು ಹಾಕಿ ನಿಂತಿತ್ತು. ಮೊದಲು ಡೀಸೆಲ್ ತಳ ಕಂಡಿತು, ಆಮೇಲೆ ನೀರು. ಮೀನುಗಾರರು ಹತ್ತಿ ನೋಡುವಷ್ಟರಲ್ಲಿ ಶಹ್ಹಾತ ಸತ್ತಿದ್ದ. ಬಂದರಿನಲ್ಲಿ ಹಡಗಿನ ಬೇಕುಬೇಡ ನೋಡಿಕೊಳ್ಳಬೇಕಾದ ಏಜೆನ್ಸಿಗೆ ನೀರು ಕೇಳಿ ದಿನವೂ ಇಮೇಲ್ ಬರೆದೆ ಎಂದು ಕ್ಯಾಪ್ಟನ್ ಹೇಳುತ್ತಿದ್ದ. ಒಂದೂ ಬಂದಿಲ್ಲ ಎಂದು ಏಜೆನ್ಸಿ ಹೇಳುತ್ತಿತ್ತು. ಪತ್ರಗಳಿದ್ದ ಹಡಗಿನ ಕಂಪ್ಯೂಟರ್ ಕೊನೆಯಲ್ಲಿ ಜನರೇಟರಿನ ಜೊತೆಗೇ ಸುಟ್ಟುಹೋಗಿತ್ತು.

ವಜ್ದಿ ಎಫ್‌ಐಆರ್ ದಾಖಲಿಸಿ, ಸೈಬರ್ ವಿಭಾಗದ ಲೆಫ್ಟಿನೆಂಟ್ ನರ್ಮೀನ್‌ಳನ್ನು ಕರೆದುಕೊಂಡು ಏಜೆನ್ಸಿಗೆ ಹೋದರು. ವ್ಯವಸ್ಥಾಪಕ ಫಿಕ್ರಿ ತಾನೇ ಕಂಪ್ಯೂಟರ್ ತೆರೆದು ತೋರಿಸಿದ. ಪರದೆಯ ಎಡಕ್ಕೆ ಕಚೇರಿಯ ವಿಳಾಸ, ಅದರಡಿ ಒಳಬಂದದ್ದು, ಕಳಿಸಿದ್ದು, ಕಸ. ಎಲ್ಲೂ ಆ ಹಡಗಿನ ಹೆಸರಿಲ್ಲ.

"ಅಳಿಸಿರಬಹುದಲ್ವಾ?" ಹೊರಗೆ ಬಂದು ವಜ್ದಿ ಕೇಳಿದರು.

"ಅಳಿಸಿದ್ರೆ ಕಷ್ಟ ಸರ್. ಈ ಬಗೆಯ ಖಾತೆ ಕನ್ನಡಿ ಇದ್ದ ಹಾಗೆ. ಪತ್ರ ಇರೋದು ಸರ್ವರ್‌ನಲ್ಲಿ. ಇಲ್ಲಿ ಅಳಿಸಿದ್ರೆ ಅಲ್ಲೂ ಹೋಗುತ್ತೆ."

"ಸರ್ವರ್‌ನವರು?"

"ಕೇಳಿದೆ. ಕಸ ತುಂಬಾ ದಿನ ಇಟ್ಕೊಳ್ಳಲ್ವಂತೆ."

ಠಾಣೆಯ ಮೆಟ್ಟಿಲ ಮೇಲೆ ಇನ್ಶಿರಾಹ್ ಕೂತೇ ಇದ್ದಳು. ಕಾನ್‌ಸ್ಟೆಬಲ್ ಬರಕಾತ್ ಬೇಯಿಸಿದ ಕಾಳು ತುಂಬಿದ ರೊಟ್ಟಿ ಕೊಟ್ಟರೆ ಪಕ್ಕಕ್ಕೆ ಸರಿಸಿದಳು. ವಜ್ದಿಗೆ ಅವಳ ಮುಖ ನೋಡಲಾಗಲಿಲ್ಲ. ಹಿಂಬಾಗಿಲಿನಿಂದ ಒಳಗೆ ಹೋದರು.

ಮರುದಿನ ವಾರಂಟ್ ಹಿಡಿದು ಇಡೀ ಏಜೆನ್ಸಿ ಶೋಧಿಸಿದರು. ಉಗ್ರಾಣದಲ್ಲಿ, ಸುಂಕದ ಕಾಗದ ಮುದ್ರಿಸಲು ಮಾತ್ರ ದಿನವೂ ಬಳಸುವ ಹಳೆಯ ಕಂಪ್ಯೂಟರ್ ಸಿಕ್ಕಿತು. ಚಾಲೂ ಮಾಡಿದೊಡನೆ ಇಮೇಲ್ ಕಾರ್ಯಕ್ರಮ ತಾನಾಗಿಯೇ ತೆರೆದುಕೊಂಡಿತು. ಅದೇ ವಿಳಾಸ.

"ಇಲ್ಲೂ ಖಾಲಿ ಸರ್," ಎಂದ ಬರಕಾತ್. "ವಿಳಾಸ ಇದೆ, ಅದರಡಿ ಒಂದು ಪೆಟ್ಟಿಗೇನೂ ಇಲ್ಲ."

"ತಾಳಪ್ಪ, ಅದೇ ನಮಗೆ ಬೇಕಾದ್ದು!" ನರ್ಮೀನ್ ಪಟ್ಟಿಯ ತಳಕ್ಕೆ ಹೋಗಿ 'ಸ್ಥಳೀಯ ಪೆಟ್ಟಿಗೆಗಳು' ಎಂಬುದನ್ನು ಒತ್ತಿದಳು. "ಇಲ್ಲಿ ಅದೇ ವಿಳಾಸಕ್ಕೆ ಖಾತೆಯ ಬಗೆ ಬೇರೆ, ಹಳೇ ಕಾಲದ್ದು. ಪತ್ರ ಬಂದ ಹಾಗೇ ಒಂದು ಪ್ರತಿ ಈ ಯಂತ್ರಕ್ಕೆ ಇಳಿಸ್ಕೊಳ್ಳುತ್ತೆ. ವಿಳಾಸದಡಿ ತೋರಿಸದೆ ಇಲ್ಲಿ ಹಾಕುತ್ತೆ. ಮುಂದಿನ ಕೋಣೇಲಿ ಅಳಿಸಿದ್ದು ಇದಕ್ಕೆ ಗೊತ್ತೇ ಆಗಲ್ಲ."

ಪತ್ರಗಳು ಸಾಲಾಗಿ ಇದ್ದವು. 'ಎರಡು ಡಬ್ಬಿ ನೀರು ಉಳಿದಿದೆ.' 'ಅಡುಗೆಯವನು ತನ್ನ ಪಾಲನ್ನು ಜ್ವರ ಬಂದ ಮೆಕ್ಯಾನಿಕ್‌ಗೆ ಕುಡಿಸುತ್ತಿದ್ದಾನೆ.' 'ದಯವಿಟ್ಟು.' ಒಂದೊಂದರ ಕೆಳಗೂ ಫಿಕ್ರಿಯ ಹಿಂದಿನ ಉತ್ತರ ಅಂಟಿಕೊಂಡಿತ್ತು: 'ನಾಳೆ ನೀರಿನ ದೋಣಿ ಬರುತ್ತದೆ. ರೇಡಿಯೋದಲ್ಲಿ ಕೂಗಬೇಡಿ, ಬಂದರಿಗೆ ತಿಳಿಸಿದ್ದೇನೆ.'

ಬರಕಾತ್ ಎದ್ದು ಹೊರಗೆ ಹೋದ. ಇಬ್ಬರು ಸಾಕ್ಷಿಗಳೆದುರು ಪಂಚನಾಮೆ ಮುಗಿಸಿ, ಕಂಪ್ಯೂಟರನ್ನು ಜಪ್ತಿ ಮಾಡಿದರು.

ವಿಚಾರಣೆಯಲ್ಲಿ ವಜ್ದಿಯ ಪ್ರಶ್ನೆಗಳೆದುರು ಫಿಕ್ರಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

"ನೀರಿನ ದೋಣಿಗೆ ಯಾರಿಗೆ ಹೇಳಿದ್ದೆ?"

"ಯಾರಿಗೂ ಇಲ್ಲ."

"ಬಂದರಿಗೆ?"

"ಇಲ್ಲ."

"ಮತ್ತೆ ಆ ಮನುಷ್ಯರಿಗೆ ಆಸೆ ಯಾಕೋ ತೋರಿಸಿದೆ?"

"ಮಾಲೀಕ ಫೋನ್ ಎತ್ತಿದ್ದೇ ಒಂದ್ಸಲ, ಸಾಹೇಬ್ರೇ. ಅವನ ಇನ್ನೊಂದು ಹಡಗಲ್ಲಿ ನನ್ನ ಮಗ ಇದಾನೆ. ಇಲ್ಲಿ ಗಲಾಟೆ ಎದ್ರೆ ಆ ಹಡಗಿಗೂ ನೀರು ನಿಲ್ಲಿಸ್ತೀನಿ ಅಂದ." ಅವನು ತನ್ನ ಬಲಗೈ ನೋಡಿಕೊಂಡ. "ಯಾರೂ ಬರಲ್ಲ ಅಂತ ಬರೆಯೋಕೆ ಕೂರ್ತಿದ್ದೆ. ಕೈ 'ನಾಳೆ' ಅಂತ ಬರೀತಿತ್ತು."

ಅಂದೇ ಮಧ್ಯಾಹ್ನ ಅವನ ಬಂಧನವಾಯಿತು. ವಿದೇಶದಲ್ಲಿದ್ದ ಮಾಲೀಕನ ಮೇಲೂ ವಾರಂಟ್ ಕೇಳಿ ಬರೆದದ್ದಾಯಿತು. ವಜ್ದಿ ಮೆಟ್ಟಿಲಿಗೆ ಬಂದು ಇನ್ಶಿರಾಹ್‌ಗೆ ಎಲ್ಲವನ್ನೂ ಹೇಳಿದರು, ಜ್ವರದ ಮೆಕ್ಯಾನಿಕ್ ಬದುಕಿದ್ದಾನೆ ಎಂಬುದನ್ನೂ, ಫಿಕ್ರಿಯ ಮಗನ ವಿಷಯವನ್ನೂ.

ಅವಳು ಮೆಟ್ಟಿಲಿನಿಂದ ಎದ್ದಳು.

"ಅವನ ಮಗ ಇರೋ ಹಡಗು ಈಗ ಎಲ್ಲಿದೆ?"

"ಲಂಗರು ಹಾಕಿದೆಯಂತೆ. ಸೂಯೆಜ್ ಹತ್ತಿರ."

"ಮತ್ತೆ ನನ್ನ ಹತ್ರ ಏನು ಮಾತಾಡ್ತಾ ನಿಂತಿದ್ದೀರಿ? ಅಲ್ಲಿಗೆ ನೀರು ಕೊಟ್ಟು ಯಾರನ್ನಾದ್ರೂ ಕಳಿಸಿ!"

ವಜ್ದಿ ಒಳಗೆ ಓಡಿದರು.