ಹೊರಗೆ ಬಾರದ ಕಾಯಿ

ಈ ಕತೆಯನ್ನು ಮೊದಲು ಹೇಳಿದವನು ಬೀಗ ರಿಪೇರಿಯವನು. ಕಳೆದ ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಸಂಜೆ ಐದರ ಹೊತ್ತಿಗೆ, ತನ್ನ ಅಂಗಡಿಯ ಬೆಂಚಿನ ಮೇಲೆ. ಕಳುವಾದ ವಸ್ತು ಹುಡುಕಿಕೊಡುವುದು ಅವನ ಎರಡನೆಯ ಕಸುಬು. ಕೇಳಿದವರು ನಾವು ಐವರು. ಅವನು ಹೇಳಿದ ಕ್ರಮದಲ್ಲೇ, ಅವನ ಮಾತಿನಲ್ಲೇ ಕೊಟ್ಟಿದ್ದೇನೆ.

ನನ್ನ ಬಲಗೈ ಬ್ಲೇಡಿನ ಕೆಳಗಿತ್ತು.

ಕಾಗದ ಕತ್ತರಿಸುವ ಮೆಷಿನ್. ಒಂದೇ ಏಟಿಗೆ ಐನೂರು ಹಾಳೆ. ಬೆರಳು ಯಾವ ಲೆಕ್ಕ!

"ಯಾರೋ ಕಳ್ಸಿದ್ದು?" ಪ್ರೆಸ್ ಮಾಲೀಕ ಹಿಡಿಕೆಯ ಮೇಲೆ ಕೈಯಿಟ್ಟಿದ್ದ.

"ಗುಟ್ಟಪ್ಪ."

ಅದು ಅವನ ಹೆಸರಲ್ಲ, ಜನ ಇಟ್ಟದ್ದು. ಮಣೆಯ ಮೇಲೆ ಕಾಯಿ ನಡೆಸುವ ಹೊಸ ಆಟವೊಂದನ್ನು ಒಂಬತ್ತು ವರ್ಷ ಕೂತು ಕಟ್ಟಿದವನು. ಎಲ್ಲಿ ಕದ್ದುಬಿಡುತ್ತಾರೋ ಎಂದು ಹೆಂಡತಿಗೂ ತೋರಿಸಿರಲಿಲ್ಲ. ರಟ್ಟಿನ ಮಣೆ, ಕೈಯಲ್ಲಿ ಬರೆದ ನಿಯಮಗಳ ನಾನೂರು ಚೀಟಿ... ಇದ್ದದ್ದು ಒಂದೇ ಪ್ರತಿ, ಒಂದು ಪೆಟ್ಟಿಗೆಯಲ್ಲಿ. ಮಣೆಯ ಚಿತ್ರ ಅಚ್ಚು ಹಾಕಿಸುವಾಗ ಈ ಮಾಲೀಕನ ಕಣ್ಣಿಗೆ ಬಿತ್ತು. ಮರುವಾರ ಪೆಟ್ಟಿಗೆ ಮಾಯ! ಸೋಮವಾರ ಗುಟ್ಟಪ್ಪ ಅದನ್ನು ಆಟಿಕೆ ಕಂಪನಿಯವರ ಮುಂದಿಡಬೇಕು. ಅಂದು ಶನಿವಾರ.

"ಪೆಟ್ಟಿಗೆ ಕೊಟ್ಬಿಡಣ್ಣ," ಎಂದೆ. "ನನ್ನ ಬೆರಳು ತಗೊಂಡು ಏನ್ ಮಾಡ್ತೀಯ?"

ಅವನು ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದ.

"ಎರಡು ದಿನದಿಂದ ಆಡ್ತಿದೀವಿ, ನಾನೂ ನನ್ನ ತಮ್ಮನೂ. ಕೋಟೆ ಬಿಟ್ಟು ಹೊರಗೆ ಬಂದ ಕಾಯಿ ಸಾಯುತ್ತೆ. ಒಳಗಿದ್ರೆ ಯಾರೂ ಮುಟ್ಟೋ ಹಾಗಿಲ್ಲ. ಯಾವ ದಡ್ಡ ಹೊರಗೆ ಬರ್ತಾನೆ? ಇಬ್ರೂ ಒಳಗೇ ಕೂತಿದೀವಿ! ಇದು ಮುಗಿಯೋದು ಹೇಗೆ?"

"ಅದನ್ನ ನನ್ನ ಕೇಳಿದ್ರೆ..."

"ಆ ಕಳ್ಳ ಒಂದು ನಿಯಮ ಮುಚ್ಚಿಟ್ಟಿದ್ದಾನೆ!"

ಕದ್ದವನ ಬಾಯಲ್ಲಿ ಆ ಪದ!

"ಸಂಜೆ ನಾಲ್ಕು ಹೊಡೆಯೋದ್ರೊಳಗೆ ಆ ನಿಯಮ ತಗೊಂಡು ಬಾ. ಇಲ್ದಿದ್ರೆ ಪೆಟ್ಟಿಗೆಯಲ್ಲಿರೋದೆಲ್ಲ ಬ್ಲೇಡ್ ಕೆಳಗೆ. ನನಗಾಗದ್ದು ಅವನಿಗೂ ಬೇಡ."

ಬ್ಲೇಡ್ ಮೇಲೆದ್ದಿತು. ಸ್ಕೂಟರ್ ಹತ್ತಿದೆ. ಮೂರು ಸಿಗ್ನಲ್ ಹಾರಿಸಿದೆ. ಒಬ್ಬ ಟ್ರಾಫಿಕ್ ಪೊಲೀಸ್ ಸೀಟಿ ಊದುತ್ತಲೇ ಉಳಿದ.

ಗುಟ್ಟಪ್ಪನ ಬಾಗಿಲಿಗೆ ಮೂರು ಬೀಗ. ಮೂರೂ ನಾನೇ ಹಾಕಿಕೊಟ್ಟದ್ದು.

"ಮುಚ್ಚಿಟ್ಟ ನಿಯಮ ಯಾವುದು ಸಾರ್? ಬೇಗ!"

"ಏನೂ ಮುಚ್ಚಿಟ್ಟಿಲ್ಲ. ಎಲ್ಲಾ ಅದರಲ್ಲೇ ಇದೆ."

"ಇದನ್ನ ಯಾರ ಜೊತೆ ಆಡಿದೀರಿ?"

"ತಲೆ ಕೆಟ್ಟಿದೆಯಾ? ಆಡಿದವರು ಕಲೀತಾರೆ. ಕಲಿತವರು ಕದೀತಾರೆ. ಒಬ್ಬನೇ ಆಡ್ದೆ. ಬಲಗೈ ಒಂದು ಕಡೆ, ಎಡಗೈ ಒಂದು ಕಡೆ."

"ಗೆದ್ದಿದ್ಯಾರು?"

"ಬಲಗೈ. ಪ್ರತಿ ಸಲ."

"ಎಡಗೈ ಕೋಟೆ ಬಿಟ್ಟು ಹೊರಗೆ ಯಾಕೆ ಬರ್ತಿತ್ತು?"

ಅವನು ತನ್ನ ಎಡಗೈ ನೋಡಿಕೊಂಡ.

"ನಾನು... ಬಾ ಅಂದಿದ್ದಕ್ಕೆ."

ಗಡಿಯಾರ ನೋಡಿದೆ. ಮೂರೂಕಾಲು.

"ಕೂತ್ಕೊಳ್ಳಿ ಸಾರ್. ನೆಲದ ಮೇಲೆ ಗೆರೆ ಎಳೆಯೋಣ. ಇಬ್ರೂ ಅರ್ಧ ಗಂಟೆ ಆಡಿದ್ರೆ ಬೇಕಾದ ನಿಯಮ ಹೊಳೆಯುತ್ತೆ. ನಿಮ್ಮ ಪೆಟ್ಟಿಗೆ ಉಳಿಯುತ್ತೆ!"

ಅವನು ಸೀಮೆಸುಣ್ಣ ಕೈಗೆತ್ತಿಕೊಂಡ. ಮಂಡಿಯೂರಿದ. ಒಂದು ಗೆರೆ ಎಳೆದ...

ನಿಲ್ಲಿಸಿದ. ಕಣ್ಣು ಕಿರಿದಾಯಿತು.

"ಓಹೋ! ನೀನೂ ಕದಿಯೋಕೆ ಬಂದವನೇ!"

ಕತ್ತು ಹಿಡಿದು ಹೊರಗೆ ದಬ್ಬಿದ. ಬೆನ್ನ ಹಿಂದೆ ಟಕ್, ಟಕ್, ಟಕ್. ಒಳ್ಳೆಯ ಬೀಗಗಳು. ಒಂದೂ ಕೈಕೊಡಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಪ್ರೆಸ್ಸಿನಲ್ಲಿದ್ದೆ.

"ಅಂಥ ನಿಯಮವೇ ಇಲ್ಲಣ್ಣ. ಅವನು ಯಾರ ಜೊತೆಗೂ ಆಡೇ ಇಲ್ಲ."

"ಒಂಬತ್ತು ವರ್ಷ ಕಟ್ಟಿದವನು ಒಂದ್ಸಲನೂ ಆಡಿಲ್ವಂತೆ! ಯಾರ ಕಿವಿಗೆ ಹೂ ಇಡ್ತೀಯೋ?"

ನುಗ್ಗಿದೆ. ಅವನ ತಮ್ಮ ಹಿಂದಿನಿಂದ ತಬ್ಬಿ ಹಿಡಿದ.

ಖಚಕ್!

ಒಂಬತ್ತು ವರ್ಷ. ಒಂದೇ ಸದ್ದು.

ಆಮೇಲೆ ಅಡ್ಡಡ್ಡ ತಿರುಗಿಸಿ ಕತ್ತರಿಸುತ್ತಲೇ ಹೋದ. ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿ ಗುಟ್ಟಪ್ಪನ ಕಾಲ ಬಳಿ ಸುರಿದೆ. ಅಳುತ್ತಾನೆ ಎಂದುಕೊಂಡಿದ್ದೆ. ಒಂದು ಚೂರೆತ್ತಿ ಬೆಳಕಿಗೆ ಹಿಡಿದ. ಓದಲು ನೋಡಿದ. ಆಗಲಿಲ್ಲ. ಮುಖ ಅರಳಿತು!

"ಹಾಗಾದ್ರೆ... ಇನ್ನು ಯಾರೂ ಕದಿಯೋ ಹಾಗಿಲ್ಲ."

ಚೂರುಗಳನ್ನು ಒಂದು ಡಬ್ಬಿಗೆ ತುಂಬಿ ನನ್ನತ್ತ ತಳ್ಳಿದ.

"ಇದಕ್ಕೊಂದು ಗಟ್ಟಿ ಬೀಗ ಹಾಕ್ಕೊಡು."

ಹಾಕಿಕೊಟ್ಟೆ.

ಹೇಳಿ ಮುಗಿಸಿದವನು ಅರವನ್ನೂ ಅರ್ಧ ಉಜ್ಜಿದ್ದ ಕೀಲಿಯನ್ನೂ ಕೈಗೆತ್ತಿಕೊಂಡ. ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಮೈ ಮುರಿದು ಮನೆಯ ದಾರಿ ಹಿಡಿದರು. ನಾನು ನೋಟ್‌ಬುಕ್ ಮುಚ್ಚುತ್ತಿದ್ದಾಗ ಅವನು ತಲೆಯೆತ್ತದೆ ಹೇಳಿದ:

"ಬರ್ಕೊಂಡ್ರಲ್ಲ ಸ್ವಾಮಿ, ಬರ್ಕೊಳ್ಳಿ... ಯಾರೂ ಕದಿಯದ ಹಾಗೆ ಒಂದು ಮಾತು ಮಾತ್ರ ಹೇಳದೆ ಬಿಟ್ಟಿದೀನಿ."