ಚಪ್ಪಲಿ ಡ್ಯೂಟಿ

"ಅಯ್ಯೋ, ನನ್ನ ಎಡಗಾಲು ಯಾರ್ರೀ ಹಾಕ್ಕೊಂಡು ಹೋಗಿದ್ದು?"

ಟೈಲರ್ ಅಜ್ಜಿ ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತು ಕೂಗಿದರು. ದೇವಸ್ಥಾನದ ಹೊರಗಿನ ಕಟ್ಟೆಯ ಮೇಲೆ ಗೋಣಿಚೀಲ ಬೋರಲಾಗಿತ್ತು. ಅದರಿಂದ ಉರುಳಿದ ಚಪ್ಪಲಿ ರಾಶಿಗೆ ಬಸ್ಸಿನವರೆಲ್ಲ ಒಟ್ಟಿಗೇ ಕೈ ಹಾಕಿದ್ದರು.

"ನಿಮ್ಮ ಎಡಗಾಲು ನಿಮ್ಮ ಹತ್ರಾನೇ ಇದೆ ಅಜ್ಜಿ. ಸೀರೆ ಎತ್ತಿ ನೋಡ್ಕೊಳ್ಳಿ," ಎಂದರು ಕಂಡಕ್ಟರ್ ಮಾಮ.

ಎಲ್ಲರೂ ಗೊಳ್ಳೆಂದು ನಕ್ಕರು. ಚೂಟಿ ಮಾತ್ರ ನಗಲಿಲ್ಲ. ಅವಳು ಅಮ್ಮನ ಹಣೆ ನೋಡುತ್ತಿದ್ದಳು.

ಒಳಗೆ ಹೋಗಿ ಬಂದವರ ಹಣೆಯ ಮೇಲೆಲ್ಲ ಪೂಜಾರಿ ಇಟ್ಟ ಕುಂಕುಮ ಇತ್ತು. ಅಜ್ಜಿಯ ಹಣೆಯದು ಬೆವರಿಗೆ ಕರಗಿ ಮೂಗಿನ ತುದಿಯವರೆಗೂ ಇಳಿದಿತ್ತು. ಅಮ್ಮನ ಹಣೆಯಲ್ಲಿ ಬೆಳಿಗ್ಗೆ ಅಂಟಿಸಿಕೊಂಡ ಬಿಂದಿ ಬಿಟ್ಟರೆ ಇನ್ನೇನೂ ಇರಲಿಲ್ಲ.

"ಅಮ್ಮಾ, ಇವತ್ತೂ ಒಳಗೆ ಹೋಗ್ಲಿಲ್ವಾ?"

"ಆಮೇಲೆ ಹೋಗ್ತೀನಿ."

"ಆಮೇಲೆ ಅಂದ್ರೆ ಯಾವಾಗ? ಬಸ್ ಹೊರಡ್ತಾ ಇದೆ!"

ಅಮ್ಮ ಕಟ್ಟೆಯ ಕೆಳಗೆ ಬಗ್ಗಿ ಅಜ್ಜಿಯ ಎಡಗಾಲಿನ ಚಪ್ಪಲಿ ಹುಡುಕಿದಳು. ಅದರ ಮಣ್ಣು ಕೊಡವಿ ಅವರ ಪಾದದ ಹತ್ತಿರ ಇಟ್ಟಳು.

"ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ," ಎಂದರು ಅಜ್ಜಿ.

ಅಮ್ಮನ ಮುಖ ಬಿಳಿಚಿಕೊಂಡಿತು. ಅಜ್ಜಿ ನಾಲಿಗೆ ಕಚ್ಚಿಕೊಂಡರು. ಅಷ್ಟರಲ್ಲಿ ಪೀ ಎಂದು ಸೀಟಿ ಕೂಗಿತು. ಎಲ್ಲರೂ ಬಸ್ಸಿಗೆ ಓಡಿದರು.

ಚೂಟಿಯ ಬೀದಿಯವರೆಲ್ಲ ಸೇರಿ ಹೊರಡಿಸಿದ ಯಾತ್ರೆಯ ಬಸ್ಸು ಅದು. ಕಂಡಕ್ಟರ್ ಮಾಮ ಅದರ ಲೀಡರ್. ಮಾಮ ಕೆಲಸದಿಂದ ರಿಟೈರ್ ಆಗಿದ್ದರು, ಅವರ ಸೀಟಿ ಮಾತ್ರ ಆಗಿರಲಿಲ್ಲ. ಊಟಕ್ಕೂ ಸೀಟಿ, ಸ್ನಾನಕ್ಕೂ ಸೀಟಿ, ಅಜ್ಜಿ ಬಸ್ಸಿನಲ್ಲಿ ಗೊರಕೆ ಹೊಡೆದರೂ ಸೀಟಿ.

ಮಾಮ ಹೊರಡುವ ಮೊದಲೇ ಒಂದು ರೂಲ್ ಮಾಡಿದ್ದರು. ಹಿಂದಿನ ಸಲದ ಯಾತ್ರೆಯಲ್ಲಿ ಅರ್ಧ ಬಸ್ಸಿನವರು ಬೇರೆಯವರ ಚಪ್ಪಲಿ ಹಾಕಿಕೊಂಡು ಊರಿಗೆ ವಾಪಸ್ ಬಂದಿದ್ದರಂತೆ. ಆದ್ದರಿಂದ ಈ ಸಲ ಎಲ್ಲರ ಚಪ್ಪಲಿಯೂ ಒಂದೇ ಚೀಲಕ್ಕೆ. ಚೀಲದ ಪಕ್ಕ ಒಬ್ಬರು ಕೂರಬೇಕು. ಉಳಿದವರು ದರ್ಶನ ಮುಗಿಸಿ ಬಂದ ಮೇಲೆ ಅವರು ಹೋಗಬೇಕು. ಸೀಟಿನ ಪ್ರಕಾರ ದಿನಕ್ಕೊಬ್ಬರ ಪಾಳಿ. ಇದಕ್ಕೆ ಮಾಮ ಇಟ್ಟ ಹೆಸರು ಚಪ್ಪಲಿ ಡ್ಯೂಟಿ.

ಮೊದಲನೇ ದಿನ ಅಮ್ಮನ ಪಾಳಿ. ಎರಡನೇ ದಿನ ಬೇರೆಯವರದ್ದು. ಆದರೆ ಅಮ್ಮ, "ನಾನೇ ಕೂತ್ಕೋತೀನಿ ಬಿಡಿ, ನೀವು ಹೋಗ್ಬನ್ನಿ" ಎಂದಳು. ಮಾರನೇ ದಿನವೂ ಹಾಗೇ. ಬೇಡ ಎಂದವರು ಯಾರು? ಬಿಸಿಲಲ್ಲಿ ಚಪ್ಪಲಿ ಕಾಯುವ ಕೆಲಸ ಯಾರಿಗೆ ಬೇಕಾಗಿತ್ತು?

ಅಷ್ಟೇ ಅಲ್ಲ, ಎಲ್ಲರೂ ಅಮ್ಮನನ್ನು ಹೊಗಳತೊಡಗಿದರು.

"ಭಕ್ತರ ಚಪ್ಪಲಿ ಕಾಯೋದು ಅಂದ್ರೆ ಸಾಮಾನ್ಯ ಸೇವೆನಾ? ನಾವೆಲ್ಲ ಸಾಲಲ್ಲಿ ನಿಂತು ಪುಣ್ಯ ತಗೊಂಡ್ರೆ, ಇವಳು ಕೂತಲ್ಲೇ ತಗೋತಿದಾಳೆ!" ಎಂದರು ಅಜ್ಜಿ.

ಅಮ್ಮ ಹೂಂ ಎಂದಳು. ಈಗೀಗ ಅವಳು ಅಷ್ಟೇ ಹೇಳುತ್ತಿದ್ದಳು.

ಬುಗುರಿ ಹೋದ ಮೇಲೆ ಅವಳು ಹಾಗೆ. ಬುಗುರಿ ಎಂದರೆ ಚೂಟಿಯ ಪುಟ್ಟ ತಮ್ಮ. ಮನೆ ತುಂಬ ಗಿರಗಿರ ಸುತ್ತುತ್ತಿದ್ದ, ತಲೆ ತಿರುಗಿ ಬಿದ್ದು ತಾನೇ ಕೇಕೆ ಹಾಕಿ ನಗುತ್ತಿದ್ದ. ಅವನಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಅವನು ಮನೆಗೆ ಬರಲಿಲ್ಲ.

ಆ ವಾರ ಚೂಟಿಯನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟಿದ್ದರು. ಏನಾಯಿತು ಎಂದು ಯಾರೂ ಅವಳನ್ನು ಕೂರಿಸಿಕೊಂಡು ಹೇಳಲಿಲ್ಲ. ಕೇಳಿದರೆ ಎಲ್ಲಿ ಅಮ್ಮ ಅಳುತ್ತಾಳೋ ಎಂದು ಅವಳೂ ಕೇಳಲಿಲ್ಲ.

ಆದರೆ ಅಮ್ಮ ಅಳುತ್ತಿರಲಿಲ್ಲ. ಅದೇ ಕಷ್ಟ. ಅಡುಗೆ ಮಾಡುತ್ತಿದ್ದಳು, ಟೈಲರ್ ಅಜ್ಜಿಯ ಅಂಗಡಿಗೆ ಹೋಗಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಕೂತ್ಕೋ ಎಂದರೆ ಕೂರುವಳು, ಏಳು ಎಂದರೆ ಏಳುವಳು. ಉಪ್ಪು ಜಾಸ್ತಿಯೋ ಕಡಿಮೆಯೋ ಎಂದು ಅಪ್ಪನ ಜೊತೆ ಅರ್ಧ ಗಂಟೆ ವಾದ ಮಾಡುತ್ತಿದ್ದ ಅಮ್ಮ ಈಗ ಯಾರು ಏನೆಂದರೂ ಹೂಂ ಎನ್ನುತ್ತಿದ್ದಳು.

ಬೆಳಿಗ್ಗೆ ಚೂಟಿಗೆ ಜಡೆ ಹಾಕಲು ಕೂರುವಳು. ಒಂದು ಕಡೆ ಹೆಣೆದು ಮುಗಿಸುವಳು. ಇನ್ನೊಂದು ಕಡೆಯ ಕೂದಲನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಡುವಳು. ಹೊರಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆದರೂ ಅವಳಿಗೆ ಕೇಳುತ್ತಿರಲಿಲ್ಲ. ಎಷ್ಟೋ ದಿನ ಚೂಟಿ ಒಂಟಿ ಜಡೆಯಲ್ಲೇ ಓಡಿದ್ದಳು. ಕ್ಲಾಸಿನಲ್ಲಿ ಹುಡುಗರು ಅದಕ್ಕೆ "ಹಾಫ್ ಟಿಕೆಟ್" ಎಂದು ಹೆಸರಿಟ್ಟಿದ್ದರು.

ಆಗ ದೊಡ್ಡಮ್ಮ ಬಂದು ಯಾತ್ರೆಯ ಸುದ್ದಿ ಹೇಳಿದ್ದಳು. ದೊಡ್ಡಮ್ಮ ಅಮ್ಮನ ಅಕ್ಕ. ಅವಳ ಮಾತನ್ನು ಮನೆಯಲ್ಲಿ ಯಾರೂ ತೆಗೆದುಹಾಕುವ ಹಾಗಿರಲಿಲ್ಲ.

"ಕೊನೇ ದೇವಸ್ಥಾನ ಇದೆಯಲ್ಲ, ಅಲ್ಲಿ ಮನಸ್ಸಿನ ಭಾರ ಎಲ್ಲ ಇಳಿದುಹೋಗುತ್ತಂತೆ ಚೂಟಿ. ನಿಮ್ಮಮ್ಮ ಮೊದಲಿನ ಹಾಗೇ ಆಗ್ತಾಳೆ, ನೋಡ್ತಾ ಇರು."

ಅಪ್ಪನಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ರಜೆ ಸಿಗಲಿಲ್ಲ. ಚೂಟಿ ತಾನೇ ಹೋಗಿ ಕ್ಲಾಸ್ ಟೀಚರ್ ಹತ್ತಿರ ರಜೆ ಕೇಳಿದಳು. "ನಮ್ಮಮ್ಮನ್ನ ಸರಿ ಮಾಡಿಸೋಕೆ ಹೋಗ್ತಾ ಇದೀವಿ ಮಿಸ್," ಎಂದಳು. ಮಿಸ್ ಸೈನ್ ಹಾಕಿ ಕೊಟ್ಟರು.

ಈಗ ಆ ಕೊನೇ ದೇವಸ್ಥಾನಕ್ಕೆ ಬಸ್ಸು ಹೊರಟಿತ್ತು. ಹಿಂದಿನ ಸೀಟಿನಲ್ಲಿ ದೇವರ ಹಾಡಿನ ಅಂತ್ಯಾಕ್ಷರಿ ಜೋರಾಗಿತ್ತು. ಅಮ್ಮ ಖಾಲಿ ಗೋಣಿಚೀಲವನ್ನು ಅಚ್ಚುಕಟ್ಟಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು.

ಚೂಟಿ ಎದ್ದು ಹೋಗಿ ದೊಡ್ಡಮ್ಮನ ಪಕ್ಕ ಕೂತಳು.

"ದೊಡ್ಡಮ್ಮ, ಒಳಗೆ ಹೋಗದೇ ಇದ್ರೂ ಸರಿ ಹೋಗುತ್ತಾ?"

"ಯಾರು ಹೋಗದೇ ಇದ್ರೆ?"

"ಅಮ್ಮ. ಅವಳು ಒಂದು ದೇವಸ್ಥಾನದ ಒಳಗೂ ಹೋಗಿಲ್ಲ."

ಕಿತ್ತಳೆ ಸುಲಿಯುತ್ತಿದ್ದ ದೊಡ್ಡಮ್ಮನ ಕೈ ನಿಂತಿತು. "ಒಂದಕ್ಕೂ?"

"ಒಂದಕ್ಕೂ ಇಲ್ಲ. ಚಪ್ಪಲಿ ನೆಪ."

ದೊಡ್ಡಮ್ಮ ಒಂದು ತೊಳೆಯನ್ನು ಚೂಟಿಯ ಬಾಯಿಗಿಟ್ಟಳು. "ಇಲ್ಲಿ ಹೋಗೇ ಹೋಗ್ತಾಳೆ. ಅವಳು ಒಂದು ಸಲ ಹೋಗಲೇಬೇಕು," ಎಂದಳು. ಆ ತೊಳೆ ಹುಳಿಯಾಗಿತ್ತು.

ಕೊನೇ ದೇವಸ್ಥಾನದ ಮುಂದೆ ಜನವೋ ಜನ. ಕಬ್ಬಿಣದ ಕಂಬಿಗಳ ನಡುವೆ ಸಾಲು ಹಾವಿನ ಹಾಗೆ ಆ ಕಡೆ ಈ ಕಡೆ ಸುತ್ತಿಕೊಂಡಿತ್ತು. ಬಸ್ಸಿನಿಂದ ಇಳಿದದ್ದೇ ಎಲ್ಲರೂ ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿದರು. ಅಮ್ಮ ಚೀಲದ ಬಾಯಿ ಕಟ್ಟಲು ಬಗ್ಗಿದಳು. ಅಷ್ಟರಲ್ಲಿ ಚೂಟಿ ಹಾರಿ ಅದರ ಮೇಲೆ ಕೂತೇಬಿಟ್ಟಳು.

"ಇವತ್ತು ಚಪ್ಪಲಿ ಡ್ಯೂಟಿ ನಂದು!"

"ಬೇಡ ಪುಟ್ಟಾ. ಏಳು. ನೀನು ಹೋಗು," ಎಂದಳು ಅಮ್ಮ.

"ಊಹೂಂ. ನೀನು ಹೋಗು. ನಾನು ಆಮೇಲೆ ಹೋಗ್ತೀನಿ. ನಿನ್ನ ಚಪ್ಪಲೀನೂ ಬಿಚ್ಚು."

ಟೈಲರ್ ಅಜ್ಜಿ ಚಪ್ಪಾಳೆ ತಟ್ಟಿದರು. "ಶಭಾಷ್! ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರೆ. ನಮ್ಮ ಗುಂಪಲ್ಲಿ ಪೂಜಾರಿ ಕೊಟ್ರೂ ಚಪ್ಪಲಿ ಚೀಲ ಬಿಡ್ತಿರ್ಲಿಲ್ಲ ನೋಡು!"

"ಡ್ರೈವರ್ ಇಲ್ಲೇ ಬಸ್ಸಲ್ಲಿ ಇರ್ತಾನೆ, ಹೆದರಬೇಡಮ್ಮಾ," ಎಂದು ಮಾಮ ಸೀಟಿ ಊದಿದರು. ದೊಡ್ಡಮ್ಮ ಅಮ್ಮನ ಒಂದು ಕೈ ಹಿಡಿದಳು, ಅಜ್ಜಿ ಇನ್ನೊಂದು.

ಅಮ್ಮ ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿದಳು. ನಾಲ್ಕು ಹೆಜ್ಜೆ ಹೋಗಿ ಒಮ್ಮೆ ತಿರುಗಿ ಚೂಟಿಯನ್ನು ನೋಡಿದಳು. ಏನನ್ನೋ ಕೇಳುವ ಹಾಗಿತ್ತು ಆ ನೋಟ. ಚೂಟಿ ಖುಷಿಯಿಂದ ಟಾಟಾ ಮಾಡಿದಳು.

ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ದರ್ಶನ ಮುಗಿಸಿದವರು ಹೊರಬರುವ ಬಾಗಿಲು ಎಡಗಡೆ ಇತ್ತು. ಅಮ್ಮ ಅಲ್ಲಿಂದಲೇ ಬರಬೇಕು. ಬಂದಾಗ ಮುಖ ಹೇಗಿರುತ್ತದೆ? ಮೊದಲು ಏನು ಹೇಳುತ್ತಾಳೆ? "ಚೀಲದ ಮೇಲೆ ಯಾರಾದ್ರೂ ಕೂರ್ತಾರೇನೇ, ಕತ್ತೆ?" ಎಂದು ಬೈಯಬಹುದು. ಬೈದರೆ ಎಷ್ಟು ಚೆನ್ನ! ಚೂಟಿ ತನ್ನ ಒಂಟಿ ಜಡೆಯನ್ನು ಬಿಚ್ಚಿಬಿಟ್ಟಳು. ಇನ್ನು ಹೇಗೂ ಅಮ್ಮ ಎರಡೂ ಕಡೆ ಹಾಕುತ್ತಾಳಲ್ಲ.

ಅವಳು ಎಡಗಡೆಯ ಬಾಗಿಲನ್ನೇ ನೋಡುತ್ತಿದ್ದಳು. ಗಲಾಟೆ ಕೇಳಿಸಿದ್ದು ಬಲಗಡೆಯಿಂದ.

"ಏ, ಯಾರ್ರೀ ಅದು? ಉಲ್ಟಾ ಬರ್ತಾ ಇದಾರೆ!"

"ದಾರಿ ಬಿಡಿ, ದಾರಿ ಬಿಡಿ! ಆಯಮ್ಮನಿಗೆ ಏನೋ ಆಗಿದೆ!"

ಸಾಲಿನೊಳಗಿಂದ ಜನರನ್ನು ತಳ್ಳಿಕೊಂಡು, ಕಂಬಿಗಳ ಕೆಳಗೆ ನುಸುಳಿಕೊಂಡು ಒಬ್ಬ ಹೆಂಗಸು ಓಡಿ ಬರುತ್ತಿದ್ದಳು. ಸೆರಗು ಕಂಬಿಗೆ ಸಿಕ್ಕಿ ಪರ್ರೆಂದು ಹರಿಯಿತು. ಅವಳು ನಿಲ್ಲಲಿಲ್ಲ. ಹತ್ತಿರ ಬಂದಾಗಲೇ ಚೂಟಿಗೆ ಅದು ಅಮ್ಮ ಎಂದು ಗೊತ್ತಾದದ್ದು.

"ಮಗು ಹೇಗಿದೆ? ಮಗು ಹೇಗಿದೆ?"

ಅಮ್ಮ ಮಂಡಿಯೂರಿ ಕುಸಿದಳು. ಚೂಟಿಯ ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು, ಮತ್ತೆ ಹಣೆ ಮುಟ್ಟಿದಳು. "ಜ್ವರ ಇಲ್ಲ. ಜ್ವರ ಇಲ್ಲ ಅಲ್ವಾ?"

"ನಂಗೆಲ್ಲಮ್ಮಾ ಜ್ವರ ಬಂದಿತ್ತು?" ಚೂಟಿ ಅಮ್ಮನ ಕೈ ಹಿಡಿದುಕೊಂಡಳು.

ಹಿಂದೆಯೇ ದೊಡ್ಡಮ್ಮ ಮತ್ತು ಕಂಡಕ್ಟರ್ ಮಾಮ ಏದುಸಿರು ಬಿಡುತ್ತ ಓಡಿ ಬಂದರು.

"ರಶ್ ನೋಡಿ ಗಾಬರಿ ಆಗಿದಾರೆ, ಅಷ್ಟೇ," ಎಂದರು ಮಾಮ. "ನೀರು ಕುಡಿಸಿ. ನಾನು ಆಫೀಸಲ್ಲಿ ಮಾತಾಡ್ಕೊಂಡು ಬರ್ತೀನಿ, ಏನಾದ್ರೂ ದಾರಿ ಮಾಡೋಣ." ಅವರು ಬಂದಷ್ಟೇ ಜೋರಾಗಿ ಓಡಿಹೋದರು.

ಅಮ್ಮ ನೀರು ಕುಡಿಯಲಿಲ್ಲ. ಚೂಟಿಯ ಬಿಚ್ಚಿದ ಕೂದಲನ್ನು ಮುಖದಿಂದ ಹಿಂದಕ್ಕೆ ಸರಿಸಿದಳು.

"ಅವತ್ತು ನಾನು ಆಸ್ಪತ್ರೇಲಿ ಇರ್ಲಿಲ್ಲ ಪುಟ್ಟಾ," ಎಂದಳು.

"ಯಾವತ್ತು?"

"ಬುಗುರಿ ಹೋದಾಗ. ನಾನು ದೇವಸ್ಥಾನದ ಸಾಲಲ್ಲಿ ನಿಂತಿದ್ದೆ. ಹರಕೆ ಹೇಳ್ಕೊಳ್ಳೋಕೆ. ಈಗ ಬಂದೆ ಕಂದಾ ಅಂತ ಹೇಳಿ ಹೋಗಿದ್ದೆ ಅವನಿಗೆ. ಸಾಲು ಮುಂದಕ್ಕೇ ಹೋಗ್ಲಿಲ್ಲ. ವಾಪಸ್ ಹೋಗಿಬಿಡೋಣ ಅಂತ ಅನ್ನಿಸ್ತಾನೇ ಇತ್ತು. ಇಷ್ಟು ಹೊತ್ತು ನಿಂತಿದೀನಿ, ಇನ್ನು ಸ್ವಲ್ಪ ತಾನೇ ಅಂತ... ನಿಂತೇ ಇದ್ದೆ." ಅಮ್ಮ ಉಸಿರು ಎಳೆದುಕೊಂಡಳು. "ಅವನು ಬಾಗಿಲ ಕಡೇನೇ ನೋಡ್ತಾ ಇದ್ದನಂತೆ. ನಿಮ್ಮಪ್ಪ ಹೇಳಿದ್ರು."

ದೊಡ್ಡಮ್ಮ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅವತ್ತು ಹೋಗು ಅಂತ ಕಳಿಸಿದವಳು ನಾನೇ ಕಣೇ. ಇವತ್ತೂ ನಾನೇ ಎಳ್ಕೊಂಡು ಹೋದೆ," ಎಂದಳು. ಅಮ್ಮನಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

ಚೂಟಿ ಕೆಳಗೆ ನೋಡಿದಳು. ಕಾದ ಕಲ್ಲಿನ ಮೇಲೆ ಓಡಿ ಬಂದ ಅಮ್ಮನ ಪಾದಗಳು ಕೆಂಪಗಾಗಿದ್ದವು.

ಚೀಲದ ಬಾಯಿ ಅಗಲಿಸಿದಳು. ಅಮ್ಮನ ಚಪ್ಪಲಿ ಎಲ್ಲಕ್ಕಿಂತ ಮೇಲೇ ಇತ್ತು. ಇಡೀ ಯಾತ್ರೆಯಲ್ಲಿ ಅದು ಚೀಲ ಸೇರಿದ್ದು ಇವತ್ತೇ. ಅದನ್ನು ತೆಗೆದು ಅಮ್ಮನ ಕಾಲಿಗೆ ಒಂದೊಂದಾಗಿ ಹಾಕಿದಳು. ಬುಗುರಿಗೆ ಹಾಕುವಾಗ ಹಿಮ್ಮಡಿ ಹಿಡಿದುಕೊಳ್ಳುತ್ತಿದ್ದಳಲ್ಲ, ಹಾಗೆಯೇ ಹಿಡಿದುಕೊಂಡು ಹಾಕಿದಳು. ಆಮೇಲೆ ಅಮ್ಮನಿಗೆ ಅಂಟಿಕೊಂಡು ಕೂತಳು.

ಬಹಳ ಹೊತ್ತಾದ ಮೇಲೆ ಮಾಮ ಕೈಯಲ್ಲಿ ಎರಡು ಚೀಟಿ ಆಡಿಸುತ್ತ ಬಂದರು. ಮುಖ ಊರಗಲ ಆಗಿತ್ತು.

"ಸಿಕ್ತು! ಆಫೀಸಿನವರ ಕಾಲು ಒಂದು ಹಿಡೀಲಿಲ್ಲ ನೋಡಿ. ಪಕ್ಕದ ಬಾಗಿಲಿಂದ ಡೈರೆಕ್ಟ್ ದೇವರ ಎದುರಿಗೇ. ಸಾಲೇ ಇಲ್ಲ! ತಾಯಿ ಮಗಳು ಇಬ್ಬರಿಗೂ. ಏಳಿ ಏಳಿ, ಬಾಗಿಲು ಹಾಕೋ ಹೊತ್ತಾಯ್ತು."

ಏಳಿ ಎಂದದ್ದೇ ತಡ, ಅಮ್ಮ ನೆಲಕ್ಕೆ ಕೈ ಊರಿದಳು. ಒಂದು ಕಾಲನ್ನು ಆಗಲೇ ಚಪ್ಪಲಿಯಿಂದ ಹೊರಗೆ ತೆಗೆದಿದ್ದಳು.

ಚೂಟಿ ಪಕ್ಕದ ಬಾಗಿಲನ್ನು ನೋಡಿದಳು. ಅಲ್ಲಿ ನಿಜವಾಗಿಯೂ ಯಾರೂ ನಿಂತಿರಲಿಲ್ಲ. ಇದೇ ಕೊನೇ ದೇವಸ್ಥಾನ. ಇದಾದ ಮೇಲೆ ಬಸ್ಸು ಮನೆಗೆ. ಮನೆಯಲ್ಲಿ ಅದೇ ಬಾಚಣಿಗೆ, ಅದೇ ಸ್ಕೂಲ್ ವ್ಯಾನಿನ ಹಾರ್ನ್. ಮಿಸ್ ಕೇಳಿದರೆ ಏನು ಹೇಳುವುದು?

ಅಮ್ಮ ಅವಳನ್ನೇ ನೋಡುತ್ತಿದ್ದಳು. ಸಾಲಿಗೆ ಹೋಗುವ ಮುಂಚೆ ತಿರುಗಿ ನೋಡಿದಾಗಿನದೇ ನೋಟ. ಆಗ ಚೂಟಿ ಟಾಟಾ ಮಾಡಿದ್ದಳು.

ಈಗ ಅವಳು ಅಮ್ಮನ ಮಂಡಿಯ ಮೇಲೆ ಕೈ ಇಟ್ಟು ಒತ್ತಿ ಹಿಡಿದಳು.

"ನಾವು ಬರಲ್ಲ ಮಾಮ."

"ಅಯ್ಯೋ, ಯಾಕಮ್ಮಾ? ಸಾಲೇ ಇಲ್ಲ ಅಂದ್ನಲ್ಲ! ಎರಡೇ ನಿಮಿಷ. ಇಷ್ಟು ದೂರ ಬಂದು ಯಾರಾದ್ರೂ..."

"ಬರಲ್ಲ," ಎಂದಳು ಚೂಟಿ.