ಕಳೆಬೋಟು ಹತ್ತಿದ ಮರಿ

"ಅವ್ವಾ, ನಿಲ್ಸು! ಅಲ್ಲಿ ನಾಯಿಮರಿ ಐತಿ!"

ಇಂಜಿನ್ನಿನ ಗದ್ದಲದಲ್ಲಿ ವಿಜಯಶ್ರೀಯ ಕೂಗು ಅವಳಿಗೇ ಕೇಳಿಸಲಿಲ್ಲ.

ಅವಳ ಅವ್ವ ಗದಿಗೆಮ್ಮ ಹೈದರಾಬಾದಿನ ಕೆರೆಯೊಂದರಲ್ಲಿ ಕಳೆ ತೆಗೆಯುವ ಬೋಟ್ ನಡೆಸುತ್ತಾಳೆ. ಬೋಟಿನ ಮುಂದೆ ನೀರಿಗಿಳಿದ, ಸುತ್ತುತ್ತಲೇ ಇರುವ ಅಗಲವಾದ ಪಟ್ಟಿ. ಅದರ ತುದಿಗೆ ಕಟಕಟ ಆಡುವ ಬ್ಲೇಡು. ಬ್ಲೇಡು ಕತ್ತರಿಸಿದ ಕಳೆಯನ್ನು ಪಟ್ಟಿ ಮೇಲಕ್ಕೆ ಹೊತ್ತು ತರುತ್ತದೆ.

ಇವತ್ತು ಸ್ಕೂಲಿಗೆ ರಜೆ. ಕಾಡಿ ಬೇಡಿ ಮೊದಲ ಸಲ ಬೋಟ್ ಹತ್ತಿದ್ದಳು ವಿಜಯಶ್ರೀ. ಅವ್ವನದು ಒಂದೇ ಷರತ್ತು: ಲೈಫ್ ಜಾಕೆಟ್ ಹಾಕಿಕೊಂಡು ಕೂತರೆ ಜಾಗ ಬಿಟ್ಟು ಏಳಕೂಡದು.

ಈಗ ಹೇಗೆ ಕೂರುವುದು? ತೇಲುವ ಕಳೆಯ ರಾಶಿಯ ಮೇಲೆ ಪುಟ್ಟ ಕಂದು ಮರಿಯೊಂದು ಗಡಗಡ ನಡುಗುತ್ತಿದೆ. ಬೋಟ್ ಅದರ ಕಡೆಗೇ ಹೊರಟಿದೆ!

ಎದ್ದು ಓಡಿ ಅವ್ವನ ತೋಳು ಜಗ್ಗಿದಳು. "ಇಂಜಿನ್ ಆಫ್ ಮಾಡವ್ವಾ! ಮರಿ! ಮರಿ!"

ಗದಿಗೆಮ್ಮ ನೋಡಿದಳು. ಆಫ್ ಮಾಡಲಿಲ್ಲ. ಒಂದು ಲಿವರ್ ಎಳೆದಳು, ಬ್ಲೇಡು, ಪಟ್ಟಿ ಎರಡೂ ಗಪ್ಪಂತ ನಿಂತವು. ಇನ್ನೊಂದು ಎಳೆದಳು, ಪಕ್ಕದಲ್ಲಿ ನೀರು ತಳ್ಳುವ ಚಕ್ರಗಳು ಹಿಂದಕ್ಕೆ ತಿರುಗಿ ಬೋಟ್ ತಡೆದು ನಿಂತಿತು. ಇಂಜಿನ್ ಮಾತ್ರ ಗುಡುಗುತ್ತಲೇ ಇತ್ತು.

"ಯಾಕ ಆಫ್ ಮಾಡವಲ್ಲಿ?" ವಿಜಯಶ್ರೀಗೆ ಅಳುವೇ ಬಂತು.

"ಇಂಜಿನ್ ನಿಂತ್ರ ಪಟ್ಟಿ ಮತ್ತ ನಡಿಯಂಗಿಲ್ಲ. ಮರೀನ ಎತ್ತೋದು ಹೆಂಗ?" ಅವ್ವ ಗಟ್ಟಿಯಾಗಿ ಹೇಳಿದಳು. "ಇಂಜಿನ್ ಪಂಪ್ ತಿರುಗಸ್ತೈತಿ, ಪಂಪ್ ಈ ಪೈಪಿನಾಗ ಎಣ್ಣಿ ತಳ್ಳತೈತಿ. ಆ ಎಣ್ಣಿ ಜೋರಿಗೇ ಎಲ್ಲಾ ನಡೀತಾವ. ಯಾವ ಕಡಿ ಎಷ್ಟು ಎಣ್ಣಿ ಬಿಡಬೇಕು ಅನ್ನೋದು ನನ್ನ ಕೈಯಾಗೈತಿ. ನೀ ಕಾಕಾನ ಕೈ ಹಿಡ್ಕೊಂಡು ನಿಂದ್ರು."

ಕಾಕಾ ಅಂದರೆ ಅಂಬಣ್ಣ, ಬೋಟಿನಲ್ಲಿ ಅವ್ವನ ಜೊತೆ ಕೆಲಸ ಮಾಡುವವನು. ಅವನು ವಿಜಯಶ್ರೀಯ ಕೈ ಬಿಗಿಯಾಗಿ ಹಿಡಿದುಕೊಂಡ.

ಪಟ್ಟಿ ಮೆಲ್ಲಗೆ ಇನ್ನಷ್ಟು ಕೆಳಗಿಳಿದು ಕಳೆಯ ಅಡಿಗೆ ನುಸುಳಿತು. ಮರಿ ಹೆದರಿ ಹಿಂದೆ ಸರಿಯಿತು. ಕಳೆ ವಾಲಿತು. ಹಿಂಗಾಲು ಎರಡೂ ನೀರಿಗೆ!

"ಅಯ್ಯೋ!"

"ಶ್... ತಡಿ," ಅಂದ ಅಂಬಣ್ಣ.

ಅವ್ವ ತಡೆದಳು. ಮರಿ ತೆವಳಿ ತೆವಳಿ ಮತ್ತೆ ನಡುವಿಗೆ ಬರುವ ತನಕ ಕಾದಳು. ಆಮೇಲೆ ಲಿವರನ್ನು ಎಳ್ಳಷ್ಟು, ಬರೀ ಎಳ್ಳಷ್ಟು ಸರಿಸಿದಳು.

ಪಟ್ಟಿ ಚಲಿಸಿತು. ಕಳೆಯ ಹಾಸಿಗೆಯ ಮೇಲೆ ಕೂತ ಮರಿ, ಬೇಗಂಪೇಟೆ ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರ್ ಹತ್ತಿದವರ ಹಾಗೆ ಅತ್ತಿತ್ತ ನೋಡುತ್ತ ಮೇಲೆ ಬಂತು.

"ಭಾಯಿಸಾಬ್, ಟಿಕೆಟ್ ದಿಖಾವ್!" ಟಿಕೆಟ್ ತೋರಿಸೆಂದು ಕೈ ಚಾಚಿದ ಅಂಬಣ್ಣ.

ಮರಿ ಮೈ ಕೊಡವಿತು. ಮೂವರ ಮುಖಕ್ಕೂ ಹಸಿರು ನೀರು ಫಟಫಟ ಸಿಡಿಯಿತು. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಅಷ್ಟು ನಕ್ಕಿದ್ದನ್ನು ವಿಜಯಶ್ರೀ ನೋಡಿಯೇ ಇರಲಿಲ್ಲ.

ದಡಕ್ಕೆ ಬಂದು ಕಳೆ ಇಳಿಸುವ ಹೊತ್ತಿಗೆ ಅವ್ವ ಕರೆದಳು. "ಬಾ ಇಲ್ಲಿ. ಲಿವರ್ ಮ್ಯಾಲ ಕೈ ಇಡು."

ಮರಿಯನ್ನು ಎದೆಗವಚಿಕೊಂಡೇ ವಿಜಯಶ್ರೀ ಇನ್ನೊಂದು ಕೈ ಚಾಚಿದಳು. ಅಷ್ಟು ದೊಡ್ಡ ಮಷೀನು, ಭಾಳ ಬಿಗಿ ಇದ್ದೀತು ಎಂದು ಹಲ್ಲು ಕಚ್ಚಿದಳು. ಲಿವರ್ ಹಗುರಾಗಿತ್ತು! ಅವಳ ಅಂಗೈಯ ಕೆಳಗೆ ಇಂಜಿನ್ನು ಗುರ್ ಎಂದು ನಡುಗುತ್ತಿತ್ತು. ಅವಳ ಕೈಯ ಮೇಲೆ ಅವ್ವನ ಒರಟು ಕೈ ಇತ್ತು, ಒತ್ತದೆ, ಸುಮ್ಮನೆ.

ವಿಜಯಶ್ರೀ ಕಚ್ಚಿದ ಹಲ್ಲು ಸಡಿಲಿಸಿದಳು. ನಿದ್ದೆ ಹೋಗುತ್ತಿದ್ದ ಮರಿಯ ಕಿವಿ ಸವರುವಷ್ಟೇ ಮೆಲ್ಲಗೆ ಲಿವರ್ ಸರಿಸಿದಳು.

ಬೋಟಿನ ಮೇಲಿನ ಕಳೆಯ ಗುಡ್ಡ ಅಲುಗಿತು, ದಡದ ಕಡೆ ಜರುಗಿತು.